ಫ್ರೀ ಆದ್ಮೇಲೆ

"ಸ್ವಲ್ಪ ಫ್ರೀ ಇಡಕ್ಕ" ಅನ್ನೋ ಮಾತನ್ನ ನಾನು ದಿನಕ್ಕೆ ಎಷ್ಟು ಸಲ ಕೇಳ್ತೀನೋ ನನಗೇ ಗೊತ್ತಿಲ್ಲ. ಶಿಡ್ಲಘಟ್ಟದಲ್ಲಿ ನಮ್ಮನೆ ಮುಂದಿನ ರೂಮೇ ನನ್ನ ಅಂಗಡಿ. ಮದುವೆಯಾಗಿ ಬಂದ ಮೂರನೇ ವರ್ಷದಿಂದ ಇಲ್ಲಿ ಕೂತು ಹೆಂಗಸರ ಬ್ಲೌಸ್ ಹೊಲೀತಾ ಇದೀನಿ. ತೋಳು ಫ್ರೀ ಇಡಿ, ಕಂಕುಳ ಹತ್ರ ಫ್ರೀ ಇಡಿ, ಮೈ ಟೈಟಾಗಿರ್ಲಿ ಆದ್ರೆ ಉಸಿರಾಡಕ್ಕೆ ಫ್ರೀ ಇರ್ಲಿ. ಸ್ವಲ್ಪ ಅಂದ್ರೆ ಎಷ್ಟು ಅಂತ ಒಬ್ಬಳಾದ್ರೂ ಹೇಳಬೇಕಲ್ಲ? ಹೇಳಲ್ಲ. ನಾನೇ ತಿಳ್ಕೋಬೇಕು. ಬೋರ್ಡಿನ ಮೇಲೆ ಬರೆಯೋ ಟೀಚರಮ್ಮನ ಫ್ರೀ ಒಂದು ಬೆರಳು. ರೇಷ್ಮೆ ನೂಲು ಬಿಚ್ಚೋ ಕಡೆ ದಿನವೆಲ್ಲಾ ಬಿಸಿನೀರಲ್ಲಿ ಕೈ ಆಡಿಸೋಳ ಫ್ರೀ ಎರಡು ಬೆರಳು. ಮದುವೆ ಗೊತ್ತಾಗಿರೋ ಹುಡುಗಿ ಫ್ರೀ ಇಡಿ ಅಂದ್ರೆ ಅದು ಪಕ್ಕದಲ್ಲಿ ನಿಂತಿರೋ ಅಮ್ಮನ ಕಿವಿಗೆ ಬೀಳಲಿ ಅಂತ ಅಂದಿದ್ದು, ಅಲ್ಲಿ ಒಂದು ನೂಲೂ ಜಾಸ್ತಿ ಬಿಡಬಾರದು.

ಟೇಪು ಕತ್ತಿನ ಸುತ್ತ ಇದ್ದೇ ಇರತ್ತೆ. ಆದ್ರೆ ನಿಜ ಹೇಳ್ಬೇಕು ಅಂದ್ರೆ ನಾನು ಯಾರ ಮೈಯನ್ನೂ ಅಳೆಯೋದು ಅಪರೂಪ. ನಮ್ಮ ಕಡೆ ಬಟ್ಟೆ ಜೊತೆಗೆ ಸರಿಯಾಗಿ ಕೂರೋ ಒಂದು ಹಳೇ ಬ್ಲೌಸ್ ತಂದ್ಕೊಡ್ತಾರೆ, ಅಳತೆ ಬ್ಲೌಸ್ ಅಂತ. ಅದನ್ನ ಹೊಸ ಬಟ್ಟೆ ಮೇಲೆ ಹಾಸಿ, ಸುತ್ತ ಚಾಕಲ್ಲಿ ಗೆರೆ ಎಳೆದು, ಕತ್ತರಿ ಹಾಕ್ತೀನಿ. ಮೈ ದಪ್ಪ ಆಗಿದ್ರೆ ಮೆಲ್ಲಗೆ ಹೇಳ್ತಾರೆ, ಸಣ್ಣ ಆಗಿದ್ರೆ ಬೀದಿಗೆಲ್ಲಾ ಕೇಳೋ ಹಂಗೆ ಹೇಳ್ತಾರೆ. ನಮ್ಮಮ್ಮಂದೂ ಒಂದು ಅಳತೆ ಬ್ಲೌಸ್ ಇತ್ತು. ಕಡು ಹಸಿರು ಬಣ್ಣ, ಅಪ್ಪ ಇದ್ದಾಗ ಹೊಲಿದಿದ್ದು. ಅದನ್ನ ಮೆಷೀನಿನ ಪಕ್ಕದ ಮೊಳೆಗೆ ನೇತಾಕಿದ್ದೆ. ಅಮ್ಮಂಗೆ ಏನೇ ಹೊಲಿದ್ರೂ ಅದರ ಮೇಲೇ.

ನಾವು ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ನಾನು ದೊಡ್ಡೋಳು. ತಂಗಿ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕೋಳು, ಗೌರಿಬಿದನೂರಿಗೆ ಕೊಟ್ಟಿರೋದು, ಗಂಡಂದು ಗೊಬ್ಬರದ ಅಂಗಡಿ. ಅಪ್ಪ ಹೋದ ಮೇಲೆ ಚಿಂತಾಮಣಿ ಹತ್ರದ ಊರಿನ ಹೊಲವನ್ನ ಪಾಲಿಗೆ ಕೊಟ್ಟು, ಅಮ್ಮನ್ನ ನಾನೇ ಕರ್ಕೊಂಡು ಬಂದೆ. ಯಾರೂ ಬಲವಂತ ಮಾಡಲಿಲ್ಲ. ನನ್ನ ಹತ್ರಾನೇ ಇರಬೇಕು ಅಂತ ನನಗೇ ಆಸೆ ಇತ್ತು. ತಂಗಿ ಹುಟ್ಟಿದ ದಿನದಿಂದ ಅಮ್ಮನ ಮಡಿಲು ಅವಳದ್ದಾಗಿತ್ತಲ್ಲ, ಈಗಲಾದ್ರೂ ನನ್ನ ಸರದಿ ಬಂತು ಅಂದ್ಕೊಂಡಿದ್ದೆ. ನಲವತ್ತು ದಾಟಿದ ಹೆಂಗಸು ಹೀಗೆ ಅಂದ್ಕೊಳ್ಳೋದು ನಗೆಪಾಟಲು ಅಂತ ಗೊತ್ತು. ಗೊತ್ತಿದ್ದೂ ಅಂದ್ಕೊಂಡೆ.

ಮೊದಲ ಎರಡು ವರ್ಷ ಚೆನ್ನಾಗೇ ಇತ್ತು. ತಂಗಿ ಯುಗಾದಿಗೊಂದು ಸಲ, ಗೌರಿ ಹಬ್ಬಕ್ಕೊಂದು ಸಲ ಬರೋಳು. ಆಮೇಲೆ ಹೆಂಗಸರಿಗೆ ಬಸ್ಸು ಫ್ರೀ ಆಯ್ತು. ಊರ ಹೆಂಗಸರೆಲ್ಲಾ ಕುಣಿದಾಡಿದ್ರು, ನಾನೊಬ್ಬಳೇ ಹಲ್ಲು ಕಚ್ಚಿಕೊಂಡು ಕೂತೆ. ಯಾಕಂದ್ರೆ ಅದರ ಮುಂದಿನ ಮಂಗಳವಾರವೇ ಬಾಗಿಲಲ್ಲಿ ತಂಗಿ ನಿಂತಿದ್ದಳು, ಕೈಯಲ್ಲಿ ಆಧಾರ್ ಕಾರ್ಡು, ಮುಖದಲ್ಲಿ ನಗು. ಮಂಗಳವಾರ ಅವರ ಅಂಗಡಿಗೆ ರಜ. ಮಕ್ಕಳನ್ನ ಗಂಡ ನೋಡ್ಕೋತಾರೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದ್ರೆ ಹನ್ನೊಂದು ಗಂಟೆಗೆಲ್ಲಾ ನಮ್ಮನೆ. ಅವತ್ತಿಂದ ವಾರ ತಪ್ಪಿಸಲಿಲ್ಲ.

ಅವಳು ಬರೋ ರೀತಿ ನೋಡಬೇಕು. ತಲೆ ಸ್ನಾನ ಮಾಡಿ ಕೂದಲನ್ನ ಹಾಗೇ ಬೆನ್ನ ಮೇಲೆ ಬಿಟ್ಕೊಂಡು ಬರ್ತಾಳೆ. ಅದಕ್ಕೂ ಈಗ ಫ್ರೀ ಹೇರ್ ಅಂತಾರೆ. ನಾನು ಹೈಸ್ಕೂಲಲ್ಲಿದ್ದಾಗ ಒಂದು ಸಲ ಹಾಗೆ ಬಿಟ್ಕೊಂಡು ಬಾಗಿಲಿಗೆ ಬಂದಿದ್ದಕ್ಕೆ, ದೆವ್ವ ಬಂದಂಗೆ ಇದೀಯ, ಹೋಗಿ ಜಡೆ ಹಾಕ್ಕೋ ಅಂತ ಅಮ್ಮನೇ ಬೈದಿದ್ದಳು. ಈಗ ಅದೇ ಅಮ್ಮ ತಂಗಿ ಕೂದಲನ್ನ ಕೈಯಲ್ಲಿ ಹಿಡಿದು, ಎಷ್ಟು ಮೆತ್ತಗಿದೆ ನೋಡು ಅಂತಾಳೆ. ನೋಡು ಅನ್ನೋದು ಯಾರಿಗೆ? ನನಗೆ. ಎಣ್ಣೆ ಹಚ್ಚಿ ಬಿಗಿಯಾಗಿ ಗಂಟು ಕಟ್ಕೊಂಡು, ಬಾಯಲ್ಲಿ ದಾರ ಕಚ್ಚಿಕೊಂಡು ಕೂತಿರೋ ನನಗೆ.

ಅವಳು ತುಂಬಾ ಫ್ರೀ ಕಣಮ್ಮ, ಎಲ್ಲರ ಜೊತೇನೂ ಫ್ರೀಯಾಗಿ ಮಾತಾಡ್ತಾಳೆ ಅಂತ ನನ್ನ ಗಿರಾಕಿಗಳೇ ಹೊಗಳೋರು. ನಾನೂ ಆ ವಯಸ್ಸಲ್ಲಿ ಮಾತಾಡ್ತಿದ್ದೆ. ಆಗ ನನ್ನ ಮಾತಿಗೆ ಬಾಯಿ ಜಾಸ್ತಿ ಅಂತಿದ್ರು.

ಮಂಗಳವಾರ ಬಂತು ಅಂದ್ರೆ ಅಮ್ಮ ಬೆಳಿಗ್ಗೇನೇ ಸ್ನಾನ ಮುಗಿಸಿ, ಬಾಗಿಲ ಹತ್ರ ಸ್ಟೂಲ್ ಹಾಕ್ಕೊಂಡು ಕೂರೋಳು. ನಾನು ಕೊಟ್ಟ ಕಾಫಿ ಪಕ್ಕದಲ್ಲೇ ಆರಿ ಹೋಗೋದು. ತಂಗಿ ಬಂದ ಕೂಡ್ಲೆ ಇಬ್ಬರೂ ಒಳಗಿನ ರೂಮಿಗೆ. ತಂಗಿ ಬಾಚಣಿಗೆ ತಗೊಂಡು ಅಮ್ಮನ ತಲೆ ಬಾಚೋಕೆ ಶುರು ಮಾಡೋಳು. ಅಮ್ಮಂದು ಈಗ ಒಂದು ಹಿಡಿ ಕೂದಲು, ಅದನ್ನ ಬಾಚೋಕೆ ಒಂದು ಗಂಟೆ ಬೇಕಾ? ಅಷ್ಟು ಹೊತ್ತೂ ಅಮ್ಮನ ಮಾತು, ಮಾತು, ನಡುನಡುವೆ ನಗು. ವಾರವೆಲ್ಲಾ ನನ್ನ ಹತ್ರ ಅಮ್ಮ ಆಡ್ತಿದ್ದ ಮಾತು ಮೂರೇ. ಅನ್ನ ಆಗಿದೆ. ಯಾರೋ ಬಂದವ್ರೆ ನೋಡು. ಪೋನೀಲೇ. ಆ ಕೊನೇದು ಅವಳ ತವರಿನ ತೆಲುಗು, ಹೋಗ್ಲಿ ಬಿಡು ಅಂತ. ಏನು ಕೇಳಿದ್ರೂ ನನಗೆ ಪೋನೀಲೇ.

ಒಳಗೆ ಅವರು ಏನು ಮಾತಾಡ್ತಾರೆ ಅಂತ ಕೇಳೋ ಚಟ ನನಗೆ ಹಿಡೀತು. ಮೆಷೀನ್ ತುಳಿದ್ರೆ ಆ ಸದ್ದಲ್ಲಿ ಏನೂ ಕೇಳಲ್ಲ. ತುಳಿಯೋದು ನಿಲ್ಲಿಸಿದ್ರೆ ಒಳಗೆ ಅವರೂ ಮಾತು ನಿಲ್ಲಿಸ್ತಾರೆ. ಒಂದಿನ ಉಪಾಯ ಮಾಡಿ, ಬಟ್ಟೇನೇ ಇಡದೆ ಖಾಲಿ ಮೆಷೀನನ್ನ ನಿಧಾನಕ್ಕೆ ತುಳೀತಾ ಕಿವಿ ಕೊಟ್ಟೆ. ಆಗಲೂ ಸರಿಯಾಗಿ ಕೇಳಲಿಲ್ಲ. ಅಷ್ಟರಲ್ಲಿ ಬಾಗಿಲಿಗೆ ಬಂದ ಗಿರಾಕಿ, ಏನಕ್ಕ ಗಾಳಿ ಹೊಲೀತಿದೀಯಾ ಅಂದಳು. ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಮೆಷೀನ್ ಫ್ರೀ ಆಗಿದ್ಯಾ ಅಂತ ನೋಡ್ತಿದೀನಿ, ನಿನ್ನೆ ತಾನೇ ಎಣ್ಣೆ ಬಿಟ್ಟಿದ್ದು ಅಂದೆ. ಅವಳು ನಂಬಿದಳು. ಆ ಪದ ಇಷ್ಟಕ್ಕಾದ್ರೂ ಕೆಲಸಕ್ಕೆ ಬಂತು.

ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವಾ ಅಂತ ನನಗೇ ನಾಚಿಕೆ ಆಗಿದ್ದು ಆಸ್ಪತ್ರೆಯಲ್ಲಿ. ಅಮ್ಮಂಗೆ ಊಟ ಸೇರ್ತಿಲ್ಲ ಅಂತ ಒಂದು ಮಂಗಳವಾರ ಇಬ್ಬರೂ ಸೇರಿ ಕರ್ಕೊಂಡು ಹೋದ್ವಿ. ಡಾಕ್ಟ್ರು ನಾಲಿಗೆ ನೋಡಿ, ಹೊಟ್ಟೆ ಒತ್ತಿ ನೋಡಿ, ಮೋಷನ್ ಫ್ರೀಯಾಗಿ ಆಗತ್ತಾ ಅಂದ್ರು. ನಾನು ಮುಂದೆ ನಿಂತಿದ್ದೋಳು, ಹೂಂ ಸರ್ ಆಗತ್ತೆ ಅಂದುಬಿಟ್ಟೆ. ಅಮ್ಮ ತಂಗಿ ಮುಖ ನೋಡಿದಳು. ತಂಗಿ ಮೆತ್ತಗೆ, ಇಲ್ಲ ಡಾಕ್ಟ್ರೆ, ಹದಿನೈದು ದಿನದಿಂದ ಕಷ್ಟ ಪಡ್ತಿದಾರೆ, ಬರೀ ಗಂಜಿ ಕುಡೀತಿದಾರೆ ಅಂದಳು. ಡಾಕ್ಟ್ರು ನನ್ನ ಕಡೆ ತಿರುಗಿ, ನೀವು ಯಾರು ಅಂತ ಕೇಳಿದ್ರು.

ನಾನು ಯಾರು! ಜೊತೇಲಿರೋ ಮಗಳು ಸ್ವಾಮಿ, ಆ ಗಂಜಿಗೆ ಉಪ್ಪು ಹಾಕೋಳು ನಾನು ಅನ್ನಬೇಕು ಅನ್ನಿಸ್ತು. ವಾಪಸ್ ಬರ್ತಾ ದಾರಿಯುದ್ದಕ್ಕೂ ನನ್ನ ತಲೇಲಿ ಒಂದೇ. ಹೊಟ್ಟೆ ಕಟ್ಟಿರೋದನ್ನೂ ನನಗೆ ಹೇಳದೆ ಅವಳಿಗೆ ಹೇಳಿದಾಳಲ್ಲ! ಅಮ್ಮಂಗೆ ಹುಷಾರಿಲ್ಲ ಅನ್ನೋ ಚಿಂತೆಗಿಂತ ಇದು ಮುಂದೆ ಬಂದು ನಿಂತಿತ್ತು. ಯಾವ ಮಗಳಿಗಾದ್ರೂ ಇಂಥದ್ದಕ್ಕೆ ಹೊಟ್ಟೆ ಉರಿಯತ್ತಾ? ನನಗೆ ಉರೀತು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಾನು ಆ ಹಿತ್ತಲ ಗಿಡ.

ಹೋದ ವರ್ಷ ತಂಗಿ ಮನೆ ಕಟ್ಟಿಸಿ ಮುಗಿಸಿದಳು. ಗೃಹಪ್ರವೇಶಕ್ಕೆ ಮೂರು ವಾರ ಮುಂಚೆ, ಅಮ್ಮಂಗೆ ಅಂತ ತಿಳಿ ಜೇನು ಬಣ್ಣದ ರೇಷ್ಮೆ ಸೀರೆ ತಂದಳು. ಅದರ ಜೊತೆಗೇ ಇನ್ನೊಂದು ಮಾತೂ ತಂದಿದ್ದಳು. ಹೊಸ ಮನೇಲಿ ಒಂದು ರೂಮು ಅಮ್ಮಂಗೇ ಅಂತ ಇಟ್ಟಿದೀವಿ, ಅಲ್ಲೇ ಇದ್ದುಬಿಡ್ಲಿ, ನಿಂಗೂ ಒಂಚೂರು ಫ್ರೀ ಆಗತ್ತಲ್ಲಕ್ಕ ಅಂದಳು. ನಗುನಗ್ತಾನೇ ಅಂದಳು. ನನಗೆ ಮೈಯೆಲ್ಲಾ ಬೆಂಕಿ. ನಾನೇನು ಅಮ್ಮನ್ನ ಹೊತ್ಕೊಂಡು ಸೊಂಟ ನೋವು ಅಂತ ಅತ್ತಿದ್ನಾ? ಅಮ್ಮ ಏನಂತಾಳೋ ಅಂತ ನೋಡಿದೆ. ಅವಳು ಸೀರೆ ಅಂಚನ್ನ ಬೆರಳಲ್ಲಿ ಸವರ್ತಾನೇ ಕೂತಿದ್ದಳು. ಗೃಹಪ್ರವೇಶ ಮುಗಿದ ಮೇಲೆ ಅಮ್ಮ ನನ್ನ ಜೊತೆ ಬಸ್ಸು ಹತ್ತಬೇಕು. ಆ ಮೂರು ವಾರ ನನಗೆ ಬೇರೇನೂ ಬೇಕಿರಲಿಲ್ಲ.

ತಂಗಿ ಹೊರಡೋ ಮುಂಚೆ ಬ್ಲೌಸ್ ಪೀಸನ್ನ ನನ್ನ ಕೈಗೆ ಕೊಟ್ಟು, "ಅಕ್ಕ, ಅಮ್ಮನ್ನ ಒಂದ್ಸಲ ಅಳೆದು ಹೊಲಿ" ಅಂದಳು.

ಅಷ್ಟೇ ಅಂದಿದ್ದು. ಆದ್ರೆ ನನ್ನ ಕಸುಬು ನನಗೇ ಹೇಳಿಕೊಡೋಕೆ ಬಂದ್ಲಲ್ಲ ಅಂತ ನನಗೆ ಎಲ್ಲಿತ್ತೋ ಸಿಟ್ಟು. ಮೊಳೆಯಿಂದ ಹಸಿರು ಬ್ಲೌಸ್ ಕಿತ್ತು, ಆ ಪೀಸಿನ ಮೇಲೆ ಹಾಸಿ, ಅವಳು ನೋಡ್ತಿದ್ದಂಗೇ ಚಾಕ್ ಎಳೆದು ಕರಕರ ಅಂತ ಕತ್ತರಿಸಿದೆ. ಅವಳು ಚಪ್ಪಲಿ ಹಾಕ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಹೊಲಿದಾದ ಮೇಲೆ ಅಮ್ಮಂಗೆ ಕೊಟ್ಟು ಸರಿ ಇದ್ಯಾ ನೋಡು ಅಂದೆ. ಒಳಗೆ ಹೋಗಿ ಬಂದು, ಸರಿಯಾಗಿದೆ ಕಣಮ್ಮ ಅಂದಳು. ನಾನು ಅಷ್ಟೊತ್ತಿಗೆ ಇನ್ನೊಬ್ಬರ ಬ್ಲೌಸಿಗೆ ಹುಕ್ಸು ಹಾಕ್ತಿದ್ದೆ. ತಲೆ ಎತ್ತಲಿಲ್ಲ.

ಗೃಹಪ್ರವೇಶದ ದಿನ ಬೆಳಗಿನ ಬಸ್ಸಿಗೇ ಹೊರಟು ಗೌರಿಬಿದನೂರು ಸೇರಿದ್ವಿ. ಸೀರೆ ಮಡಿಕೆ ಹಾಳಾಗತ್ತೆ ಅಂತ ಅಮ್ಮ ಅಲ್ಲಿಗೆ ಹೋಗೇ ಉಟ್ಟಳು. ನಾನು ಉಡಿಸ್ತೀನಿ ಅಂತ ಹೋದ್ರೆ, ನೀನು ಹಾಲು ಉಕ್ಕೋದು ನೋಡು ಹೋಗಮ್ಮ ಅಂತ ಬಾಗಿಲು ಹಾಕ್ಕೊಂಡಳು. ಯಾವಾಗಲೂ ಅಷ್ಟೇ, ಅವಳು ಯಾರ ಎದುರಿಗೂ ಸೀರೆ ಉಡ್ತಿರಲಿಲ್ಲ, ಸೆರಗನ್ನ ಎರಡೂ ಹೆಗಲಿಗೆ ಹೊದ್ದೇ ಈಚೆ ಬರೋಳು. ವಯಸ್ಸಾದೋರ ನಾಚಿಕೆ ಅಂತ ನಾನು ಅಂದ್ಕೊಂಡಿದ್ದೆ.

ಪೂಜೆ ಮುಗಿದು ಊಟಕ್ಕೆ ಎಲೆ ಹಾಕೋ ಹೊತ್ತಿಗೆ ಚಿಂತಾಮಣಿಯಿಂದ ದೊಡ್ಡಮ್ಮ ಬಂದಳು, ಅಮ್ಮನ ಅಕ್ಕ. ಎಷ್ಟೋ ವರ್ಷದ ಮೇಲೆ ಅಮ್ಮನ್ನ ನೋಡಿದ್ದು, ಗಟ್ಟಿಯಾಗಿ ತಬ್ಬಿಕೊಂಡಳು. ತಬ್ಬಿದೋಳು ಅಯ್ಯಯ್ಯೋ ಅಂತ ಕೈ ಹಿಂದಕ್ಕೆ ಎಳ್ಕೊಂಡಳು. ಬೆರಳ ತುದೀಲಿ ರಕ್ತ. ಏನೇ ಇದು ಚುಚ್ಚಿದ್ದು ಅಂತ ಅಮ್ಮನ ಸೆರಗು ಸರಿಸಿದಳು. ಬೆನ್ನ ಮೇಲೆ ನಾಲ್ಕು ಪಿನ್ನು. ಬ್ಲೌಸಿನ ಬಟ್ಟೆಯನ್ನ ನಡುಬೆನ್ನಲ್ಲಿ ಮಡಿಚಿ ಮಡಿಚಿ, ಕೆಳಗಿಂದ ಮೇಲಕ್ಕೆ ಸಾಲಾಗಿ ಪಿನ್ನು ಚುಚ್ಚಿತ್ತು, ಒಂದು ಬಾಯಿ ಬಿಚ್ಚಿಕೊಂಡಿತ್ತು. ಭುಜ ತೋಳಿಗೆ ಜಾರಿತ್ತು. ತೋಳಿನೊಳಗೆ ಇನ್ನೊಂದು ತೋಳು ಹೋಗುವಷ್ಟು ಜಾಗ. ಜೇನು ಬಣ್ಣದ ಆ ಬ್ಲೌಸಿನೊಳಗೆ ನಮ್ಮಮ್ಮ ಬೇರೆಯೋರ ಬಟ್ಟೆ ಹಾಕ್ಕೊಂಡು ನಿಂತಂಗೆ ಇದ್ದಳು.

ಟೈಲರ್ ಮಗಳನ್ನ ಮನೇಲಿ ಇಟ್ಕೊಂಡು ಇದೇನೇ ನಿನ್ನ ಗತಿ ಅಂದಳು ದೊಡ್ಡಮ್ಮ. ದೀಪದ ಬುಡದಲ್ಲೇ ಕತ್ತಲು ನೋಡು ಅಂತ ಪಕ್ಕದೋರಿಗೂ ಹೇಳಿದಳು. ಬಡಿಸೋ ಹೆಂಗಸರು ಸಾರಿನ ಬಕೆಟ್ ಹಿಡ್ಕೊಂಡೇ ನಿಂತು ನೋಡಿದ್ರು. ನನಗೆ ತಲೆ ಎತ್ತೋಕೆ ಆಗಲಿಲ್ಲ.

ಅಮ್ಮ ಸೆರಗು ಎಳ್ಕೊಂಡು, ನಾನೇ ಫ್ರೀಯಾಗಿ ಹೊಲಿ ಅಂದಿದ್ದು ಕಣಕ್ಕ, ಸೆಖೆಗೆ ಮೈಗಂಟೋ ಬ್ಲೌಸ್ ಆಗಲ್ಲ ನಂಗೆ ಅಂದಳು. ಅವಳು ಹಂಗೆ ಅಂದೇ ಇರಲಿಲ್ಲ. ನಮ್ಮನೇಲಿ ಆ ಪದಾನ ಆಡದೇ ಇದ್ದೋಳು ಅವಳೊಬ್ಬಳೇ. ನನ್ನ ಅಂಗಡೀಲಿ ದಿನಾ ಕೇಳಿಸ್ಕೊಂಡಿದ್ದನ್ನ ನನ್ನ ಮಾನ ಉಳಿಸೋಕೆ ಎತ್ತಿಕೊಂಡಳು. ತಂಗಿ ಅಮ್ಮನ್ನ ಒಳಗೆ ಕರ್ಕೊಂಡು ಹೋಗಿ, ಪಿನ್ನೆಲ್ಲಾ ತೆಗೆದು, ಸೂಜಿದಾರದಲ್ಲಿ ಬೆನ್ನಿಗೆ ಎರಡು ಮಡಿಕೆ ಹಾಕಿ ಹೊಲಿದಳು. ಅವಳು ಅಮ್ಮನ್ನ ಅಳೆದು ಹೊಲಿ ಅಂದಿದ್ನಲ್ಲ ಅಂತ ಒಂದು ಮಾತು ಆಡಿದ್ರೆ ನಾನು ಜಗಳ ಆಡಿ ಹಗುರ ಆಗಬಹುದಿತ್ತು. ಆಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಹೊಲಿಗೆ ಅಂಕುಡೊಂಕು, ದಾರದ ಬಣ್ಣಾನೂ ಬೇರೆ. ಆ ಅಂಕುಡೊಂಕು ಹೊಲಿಗೆ ಮೇಲೂ ನನಗೆ ಹೊಟ್ಟೆಕಿಚ್ಚಾಯ್ತು.

ಸಾಯಂಕಾಲ ಹೊರಡೋವಾಗ ಅಮ್ಮ ಬ್ಯಾಗು ತಗೊಳ್ಳಲಿಲ್ಲ. "ನಾಕು ದಿನ ಇದ್ದು ಬರ್ತೀನಿ" ಅಂದಳು ನನ್ನ ಕಡೆ ನೋಡದೆ. ನಾನು ಆಯ್ತಮ್ಮ ಅಂದೆ. ಬಸ್ಸಲ್ಲಿ ಕಂಡಕ್ಟರು ಫ್ರೀ ಟಿಕೆಟ್ ಹರಿದುಕೊಟ್ಟು, ಒಬ್ಬರೇನಾ ಅಂದ. ಪಕ್ಕದ ಸೀಟಲ್ಲಿ ಬೇರೆ ಯಾರೋ ಕೂತರು.

ಮನೆಗೆ ಬಂದ ಮಾರನೇ ದಿನ ಅಮ್ಮನ ಟ್ರಂಕು ತೆಗೆದೆ. ಅವಳ ಬಟ್ಟೆ ಅವಳೇ ಒಗೆದು, ಅವಳೇ ಮಡಿಸಿ ಇಟ್ಕೋತಿದ್ದಳು, ನಾನು ಮುಟ್ಟಿದ್ದೇ ಇಲ್ಲ. ಬ್ಲೌಸುಗಳನ್ನ ಒಂದೊಂದಾಗಿ ನೆಲದ ಮೇಲೆ ಹಾಸಿದೆ. ಎಲ್ಲದರ ಬೆನ್ನಲ್ಲೂ ತುಕ್ಕಿನ ಚುಕ್ಕೆ. ಪಿನ್ನು ಚುಚ್ಚಿದ್ದಲ್ಲೇ ಚುಚ್ಚಿ, ಬೆವರಿಗೆ ತುಕ್ಕು ಹಿಡಿದು ಕಲೆ ಕೂತಿತ್ತು. ಹಳೇ ನೀಲಿ ಬ್ಲೌಸಲ್ಲಿ ಚುಕ್ಕೆಗಳ ಮೂರು ಸಾಲು ಇತ್ತು, ಮೊದಲನೇದು ನಡುಬೆನ್ನಿಂದ ಒಂದು ಬೆರಳು ಆಚೆ, ಮುಂದಿನದು ಎರಡು ಬೆರಳು, ಕೊನೇದು ಮೂರು ದಾಟಿತ್ತು. ಇದನ್ನ ಓದೋಕೆ ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಮೂರು ವರ್ಷದಲ್ಲಿ ನಮ್ಮಮ್ಮ ನನ್ನ ಕಣ್ಣೆದುರಿಗೇ ಕರಗಿದ್ದಳು, ನಾನು ಮೊಳೆಗೆ ನೇತಾಕಿದ್ದ ಹಸಿರು ಬ್ಲೌಸನ್ನ ನೋಡ್ಕೊಂಡು ಕೂತಿದ್ದೆ. ನೆಲದ ಮೇಲೆ ಕೂತು ಅತ್ತೆ. ಹೊರಗೆ ಯಾರೋ ಅಕ್ಕ ಫ್ರೀ ಇದೀರಾ ಅಂತ ಕೂಗಿದ್ರು. ಇಲ್ಲ ಅಂದೆ.

ಮುಂದಿನ ಮಂಗಳವಾರ ಅಂಗಡಿ ಬಾಗಿಲು ಹಾಕಿ, ಟೇಪನ್ನ ಬ್ಯಾಗಲ್ಲಿ ಹಾಕ್ಕೊಂಡು ಗೌರಿಬಿದನೂರಿಗೆ ಹೋದೆ. ಅಮ್ಮನ್ನ ಅವಳ ಹೊಸ ರೂಮಿನ ಕಿಟಕಿ ಹತ್ರ ನಿಲ್ಲಿಸಿ ಅಳೆದೆ. ಎದೆ ಸುತ್ತ ಟೇಪು ತಂದಾಗ ಅದರ ತುದಿ ನಾನು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಮುಂಚೆ ಬಂದು ಸೇರ್ತು. ಭುಜದ ಮೂಳೆ ಬೆರಳಿಗೆ ಸಿಕ್ತು. ಇಷ್ಟು ಹತ್ರ ನಿಂತು ಎಷ್ಟು ವರ್ಷ ಆಗಿತ್ತೋ, ಅವಳ ಮೈಯಿಂದ ಬರೋ ವಿಭೂತಿ ವಾಸನೇನೂ ಮರೆತಿದ್ದೆ.

ಯಾಕಮ್ಮ ನಂಗೆ ಹೇಳಲಿಲ್ಲ ಅಂದೆ. ಎಂದಿನ ಹಾಗೆ ಪೋನೀಲೇ ಅಂದಳು. ನಾನು ಬಿಡಲಿಲ್ಲ. ಪಿನ್ನು ಚುಚ್ಕೊಂಡು ಓಡಾಡೋ ಅಷ್ಟು ನಾನು ಏನು ಮಾಡಿದೆ ಅಂತ ಕೇಳಿದೆ, ದನಿ ಜೋರಾಗೇ ಇತ್ತು.

"ಎರಡು ಮೂರು ಸಲ ಬ್ಲೌಸ್ ಕೈಯಲ್ಲಿ ಹಿಡ್ಕೊಂಡು ನಿನ್ನ ಮೆಷೀನ್ ಹತ್ರ ಬಂದು ನಿಂತಿದ್ದೆ ಕಣಮ್ಮ. ನೀನು, ಫ್ರೀ ಆದ್ಮೇಲೆ ನೋಡ್ತೀನಮ್ಮ ಅಂದೆ. ಪಾಪ ನಿಂಗೆ ಊರೋರದ್ದೆಲ್ಲಾ ಇತ್ತಲ್ಲ. ಆಮೇಲೆ ಪಿನ್ನೇ ವಾಸಿ ಅನ್ನಿಸ್ತು."

ಬೈದು ಹೇಳಿದ್ರೆ ತಡ್ಕೋಬಹುದಿತ್ತು. ಇವತ್ತು ಸೊಪ್ಪಿನ ಸಾರು ಅನ್ನೋ ದನಿಯಲ್ಲಿ ಹೇಳಿದಳು. ನನಗೆ ಒಂದು ಸಲವೂ ನೆನಪಿರಲಿಲ್ಲ, ಅವಳು ಬಂದು ನಿಂತಿದ್ದೂ, ನಾನು ಹಾಗೆ ಅಂದಿದ್ದೂ. ಅಂದಿರಬೇಕು. ಎಲ್ಲರಿಗೂ ಅದನ್ನೇ ಅಂತಿದ್ದೆ.

ನಾಕು ದಿನ ಅಂದಿದ್ದು ನಾಕು ತಿಂಗಳಾಯ್ತು. ಅಮ್ಮ ಇನ್ನೂ ಅಲ್ಲೇ ಇದ್ದಾಳೆ. ಮನೆಗೆ ಬಾ ಅಂತ ಕರೆದಾಗಲೆಲ್ಲಾ, ಬರ್ತೀನಿ ಬರ್ತೀನಿ, ಇವಳಿಗೆ ಬೇಜಾರಾಗತ್ತೆ ಅಂತಾಳೆ. ಈಗ ಮಂಗಳವಾರ ಮಂಗಳವಾರ ನಾನು ಹೋಗ್ತೀನಿ. ಹೊಸ ಅಳತೆಯಲ್ಲಿ ಆರು ಬ್ಲೌಸ್ ಹೊಲಿದುಕೊಟ್ಟೆ, ಬದಿಯಲ್ಲಿ ಒಂದೇ ಬೆರಳು ಜಾಗ ಬಿಟ್ಟು. ನಾನು ಹೋಗೋ ಹೊತ್ತಿಗೆ ಅಮ್ಮ ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತಾಳೆ. ಶಿಡ್ಲಘಟ್ಟದಲ್ಲಿ ಯಾರ್ಯಾರು ಬಂದಿದ್ರು, ಯಾರ ಮಗಳಿಗೆ ಗಂಡು ಗೊತ್ತಾಯ್ತು ಅಂತ ಕೇಳಿ ಕೇಳಿ ನಗ್ತಾಳೆ. ನನ್ನ ಜೊತೆ. ನಮ್ಮಮ್ಮ. ಮೊದಲ ಸಲ ಹಾಗೆ ನಕ್ಕಾಗ ನಾನು ಹಿಂದೆ ತಿರುಗಿ ನೋಡಿದ್ದೆ, ಬೇರೆ ಯಾರಾದ್ರೂ ಬಂದ್ರಾ ಅಂತ.

ಹೋದ ವಾರ ಅಮ್ಮನ ತಲೆ ಹಿಂದೆ ಕೈ ಹಾಕಿದ್ರೆ ಕೂದಲೆಲ್ಲಾ ಗಂಟು. ಇದೇನಮ್ಮ, ಅವಳು ಬಾಚಲ್ವಾ ಅಂದೆ. ವಾರ ತಪ್ಪದೆ ಗಂಟೆಗಟ್ಟಲೆ ಬಾಚ್ತಿದ್ದೋಳು ತಾನೇ ಅವಳು. ಅಮ್ಮ ನಕ್ಕು, ಪಾಪ ಬೆಳಿಗ್ಗೆ ಎದ್ರೆ ಮಕ್ಕಳ ಡಬ್ಬಿ, ಅಂಗಡಿಯೋರ ಊಟ, ಬಾಚ್ತೀಯಾ ಅಂತ ಕೇಳಿದ್ದಕ್ಕೆ ಫ್ರೀ ಆದ್ಮೇಲೆ ಬಾಚ್ತೀನಮ್ಮ ಅಂದ್ಲು, ನಾನೇ ಮುಂದುಗಡೆ ಬಾಚ್ಕೋತೀನಿ ಬಿಡು, ಹಿಂದುಗಡೆ ಯಾರು ನೋಡ್ತಾರೆ ಅಂದಳು. ನಾನು ಬಾಚಣಿಗೆ ತಗೊಂಡೆ. ಎಣ್ಣೆ ಹಚ್ಚಿ, ಒಂದೊಂದೇ ಗಂಟು ಬಿಡಿಸ್ತಾ ಕೂತೆ. ಒಂದು ಗಂಟೆ ಬೇಕಾಯ್ತು. ಅಡುಗೆಮನೇಲಿ ತಂಗಿ ಮಿಕ್ಸಿ ಹಾಕ್ತಿದ್ದಳು, ನಡುವೆ ನಿಲ್ಲಿಸ್ತಿದ್ದಳು, ಮತ್ತೆ ಹಾಕ್ತಿದ್ದಳು. ಅದರ ಅರ್ಥ ನನಗೆ ಗೊತ್ತು. ಅವಳು ನಿಲ್ಲಿಸಿದಾಗೆಲ್ಲಾ ನಾವೂ ಸುಮ್ಮನಾಗ್ತಿದ್ವಿ.

ಸಾಯಂಕಾಲ ಬಸ್‌ಸ್ಟ್ಯಾಂಡಿನ ತನಕ ತಂಗಿ ಜೊತೆಗೆ ಬಂದಳು. ಅವಳ ಕೂದಲು ಬಿಗಿಯಾಗಿ ಗಂಟು ಕಟ್ಟಿತ್ತು, ಸೆರಗಲ್ಲಿ ಅರಿಶಿನದ ಕಲೆ. ಬಸ್ಸು ಇನ್ನೂ ಬಂದಿರಲಿಲ್ಲ. ನೆಲ ನೋಡ್ಕೊಂಡು ಹೇಳಿದಳು.

"ಅಮ್ಮ ನಂಜೊತೆ ಮಾತೇ ಆಡಲ್ಲಕ್ಕ. ನೀನು ಬಂದ್ರೆ ಮಾತ್ರ ಫ್ರೀಯಾಗಿ ಇರ್ತಾಳೆ. ನಾನೇನು ತಪ್ಪು ಮಾಡಿದೆ ಹೇಳು."

ಅವಳ ಹೊಟ್ಟೆ ಉರೀತಿತ್ತು. ಆ ಉರಿ ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಹಾಗಂತ ಸಂತೋಷವೂ ಆಗಲಿಲ್ಲ. ಯಾಕಂದ್ರೆ ರಾತ್ರಿ ಅಮ್ಮ ಕೆಮ್ಮಿದ್ರೆ ಇವಳಿಗೆ ತಾನೇ ಕೇಳೋದು, ಅಮ್ಮ ಬೆಳಿಗ್ಗೆ ಮೊದಲು ನೋಡೋ ಮುಖ ಇವಳದ್ದು ತಾನೇ. ನನಗೆ ವಾರಕ್ಕೊಂದು ನಗು, ಇವಳಿಗೆ ಅಮ್ಮ. ಅವಳು ಕೇಳಿದ್ದಕ್ಕೆ ಉತ್ತರ ನನ್ನ ಹತ್ರ ಇತ್ತು. ಮನೆಗೆ ಹೋಗಿ ಕೈ ಒರೆಸ್ಕೊಂಡು ಅಮ್ಮನ ಹಿಂದೆ ಕೂರು, ತಲೆ ಬಾಚು, ಅಷ್ಟೇ ಕಣೇ ಅಂತ ಹೇಳಿದ್ರೆ ಸಾಕಿತ್ತು. ಹೇಳಿದ್ರೆ ಅವಳು ಅವತ್ತೇ ಮಾಡ್ತಿದ್ದಳು, ಅಷ್ಟು ಒಳ್ಳೇ ಹುಡುಗಿ ಅವಳು. ಆಮೇಲೆ ಅಮ್ಮ ನಮ್ಮನೆಗೆ ವಾಪಸ್ ಬರೋದು ಇರ್ತಿರಲಿಲ್ಲ.

ಚಿಕ್ಕಬಳ್ಳಾಪುರದ ಬಸ್ಸು ಬಂತು. ವಯಸ್ಸಾದೋರು ಹಾಗೇ ಕಣೇ, ಮನಸ್ಸಿಗೆ ಹಚ್ಕೋಬೇಡ ಅಂತ ಅವಳ ಭುಜ ತಟ್ಟಿ ಹತ್ತಿದೆ. ಕಿಟಕಿ ಪಕ್ಕದ ಸೀಟು ಖಾಲಿ ಇತ್ತು, ಕೂತೆ. ಬಸ್ಸು ಹೊರಡೋ ತನಕ ಅವಳು ಕೆಳಗೇ ನಿಂತಿದ್ದಳು, ನಾನು ಬ್ಯಾಗಲ್ಲಿ ಆಧಾರ್ ಕಾರ್ಡು ಹುಡುಕ್ತಾ ಇದ್ದೆ.